ವಾಚನಾಲಯದ ಬಾಗಿಲು ಯಾರಿಗೆ, ಯಾವ ಹೊತ್ತಿಗೆ?

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದಿಳಿದ ಕನ್ನಡಿಗನಿಗೆ ಇಲ್ಲಿ ಮೊದಲು ದೊರೆಯುವುದು ಕೆಲಸ. ಆ ಬಳಿಕ ಊಟ. ಎಲ್ಲಕ್ಕಿಂತ ಕೊನೆಗೆ, ಅದೂ ಅದೃಷ್ಟವಿದ್ದರೆ, ನೆಮ್ಮದಿಯಿಂದ ಕುಳಿತುಕೊಳ್ಳಲು ಒಂದು ಸ್ಥಳ. ಹೋಟೇಲಿನ ಮಾಣಿಗಳು ಮಲಗುವ ಖೋಲಿಯಲ್ಲಿ ಎಂಟು ಹತ್ತು ಮಂದಿ ಇರುವರು. ಒಬ್ಬನು ದೀಪ ಹಚ್ಚಿದರೆ ಮತ್ತೊಬ್ಬನ ನಿದ್ರೆಗೆ ಭಂಗ. ಡೊಂಬಿವಿಲಿಯಿಂದಲೋ ವಿರಾರದಿಂದಲೋ ಕೋಟೆಯ ಕಚೇರಿಗೆ ಲೋಕಲ್ ಗಾಡಿಯಲ್ಲಿ ದಿನವೂ ನೇತಾಡಿಕೊಂಡು ಬರುವ ಗುಮಾಸ್ತನ ಮನೆಯಲ್ಲಿಯಾದರೋ ಅಡುಗೆ, ಮಕ್ಕಳ ಪಾಠ, ಟಿ.ವಿ., ಅತಿಥಿ ಸತ್ಕಾರ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯತಕ್ಕವು. ಇಂತಹವರಿಗೆ ಸಾರ್ವಜನಿಕ ವಾಚನಾಲಯವು ವಿಲಾಸದ ವಸ್ತುವಲ್ಲ. ಒಂದು ಕುರ್ಚಿ, ಒಂದು ದೀಪ, ಒಂದು ಗಂಟೆಯ ಮೌನ, ಇವುಗಳನ್ನು ಬಾಡಿಗೆ ಕೇಳದೆ ಕೊಡುವ ಸ್ಥಳವು ಈ ಮಹಾನಗರದಲ್ಲಿ ಮತ್ತೆಲ್ಲಿದೆ?

ಗ್ರಂಥಾಲಯಗಳ ವಿಷಯದಲ್ಲಿ ಮುಂಬಯಿಯು ಬಡ ನಗರವೇನೂ ಅಲ್ಲ. 1804ರಲ್ಲಿ ಹುಟ್ಟಿದ ವಿದ್ವತ್ಸಭೆಯೇ ಮುಂದೆ ಏಷ್ಯಾಟಿಕ್ ಸೊಸೈಟಿಯಾಯಿತು. 1833ರಲ್ಲಿ ಪೂರ್ಣಗೊಂಡ ಟೌನ್ ಹಾಲಿನ ಎತ್ತರದ ಮೆಟ್ಟಿಲುಗಳು ನಮ್ಮೆಲ್ಲರಿಗೂ ಪರಿಚಿತವಾದವು. ಆದರೆ ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ ಮೂಲವನ್ನು ಬಲ್ಲವರು ನಮ್ಮಲ್ಲಿ ಕಡಿಮೆ. 1847ರಲ್ಲಿ ಅದಕ್ಕೆ ಅಂಕುರಾರ್ಪಣೆ ಮಾಡಿದವರು ದೊರೆಗಳಲ್ಲ, ಪಂಡಿತರೂ ಅಲ್ಲ. ಸರಕಾರಿ ಟಂಕಸಾಲೆಯಲ್ಲಿಯೂ ಹಡಗುಕಟ್ಟೆಯಲ್ಲಿಯೂ ಯಂತ್ರಗಳೊಡನೆ ದುಡಿಯುತ್ತಿದ್ದ ತರುಣ ಕೆಲಸಗಾರರು. ಸಸೂನರ ಔದಾರ್ಯದಿಂದ ಕಲ್ಲಿನ ಭವ್ಯ ಕಟ್ಟಡವು 1870ರಲ್ಲಿ ಸಿದ್ಧವಾಯಿತು. ಅದಕ್ಕೆ ಎರಡು ದಶಕಗಳ ಮೊದಲೇ, ದುಡಿಯುವವರಿಗೆ ಓದುವ ಹಸಿವಿತ್ತು. 1898ರಲ್ಲಿ ಮರಾಠಿ ಬಂಧುಗಳು ಮುಂಬಯಿ ಮರಾಠಿ ಗ್ರಂಥಸಂಗ್ರಹಾಲಯವನ್ನು ಸ್ಥಾಪಿಸಿದುದೂ ತಮ್ಮ ಭಾಷೆಯ ಪುಸ್ತಕಗಳು ಸಾಮಾನ್ಯ ಜನರ ಕೈಗೆ ದೊರೆಯಲೆಂದೇ ಆಗಿದೆ.

ನಮ್ಮವರೂ ಈ ದಿಸೆಯಲ್ಲಿ ಕೈಕಟ್ಟಿ ಕುಳಿತಿರಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಸ್ಥಾಪನೆಯಾದವು. ಹಗಲು ತಟ್ಟೆ ಎತ್ತಿ, ಮೇಜು ಒರೆಸಿ, ರಾತ್ರಿ ಪಾಟಿ ಹಿಡಿದು ಕುಳಿತ ಹುಡುಗರಿಗಾಗಿ ನಮ್ಮ ಹಿರಿಯರು ರಾತ್ರಿಶಾಲೆಗಳನ್ನು ನಡೆಸಿದರು. ಅವುಗಳಲ್ಲಿ ಓದಿ ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಹೋಟೇಲಿನ ಧನಿಗಳೂ ಆದವರು ಇದ್ದಾರೆ. ಆ ಹಿರಿಯರಿಗೆ ಒಂದು ಸತ್ಯವು ತಿಳಿದಿತ್ತು: ದುಡಿಯುವವನು ವಿದ್ಯೆಯ ಬಳಿಗೆ ಬರುವ ಹೊತ್ತಿಗೆ ವಿದ್ಯೆಯು ಎಚ್ಚತ್ತಿರಬೇಕು. ನಮ್ಮ ಮಾತನ್ನೇ ಹೇಳುವುದಾದರೆ, ನಮ್ಮ ಶಾಲೆಯ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಅಲ್ಲಿಂದ ಮುಂದಕ್ಕೆ ಕಲಿತ ನಾಲ್ಕಕ್ಷರವೆಲ್ಲವೂ ಸಂಘದ ಕಪಾಟಿನಿಂದ ಎರವಲು ತಂದ ಪುಸ್ತಕಗಳ ಋಣ.

ವಾಚನಾಲಯವು ತನ್ನ ನೆರೆಯವರಿಗೆ ಕೊಡುವುದು ಕಾದಂಬರಿಗಳನ್ನು ಮಾತ್ರವೆಂದು ತಿಳಿಯುವುದು ಸರಿಯಲ್ಲ. ಊರಿನ ಪತ್ರಿಕೆಯಲ್ಲಿ ಮಳೆಯ ಸುದ್ದಿ, ನೇಮಕಾತಿಯ ಜಾಹೀರಾತು, ಪರೀಕ್ಷೆಯ ಫಲಿತಾಂಶಗಳನ್ನು ನೋಡಲು ಬರುವವನಿರುತ್ತಾನೆ. ಭವಿಷ್ಯನಿಧಿಯ ಅರ್ಜಿಯನ್ನು ತುಂಬಿಸಲು ತಿಳಿಯದೆ, ಬಲ್ಲವರೊಬ್ಬರು ಸಿಕ್ಕಾರೆಂದು ಬರುವವನಿರುತ್ತಾನೆ. ನಿಘಂಟು, ಕಾನೂನಿನ ಕೈಪಿಡಿ, ಬ್ಯಾಂಕಿನ ಪರೀಕ್ಷೆಯ ಮಾರ್ಗದರ್ಶಿಗಳನ್ನು ಕೊಳ್ಳಲು ಹಣವಿಲ್ಲದ ತರುಣನು ಅಲ್ಲಿಯೇ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಾನೆ. ಉಡುಪಿಯವನು, ಧಾರವಾಡದವನು, ಕಲಬುರಗಿಯವನು, ಕಾಸರಗೋಡಿನವನು ಒಂದೇ ಮೇಜಿನ ಸುತ್ತ ಕುಳಿತಾಗ ಜಾತಿಯ ಪ್ರಶ್ನೆಯೂ ಜಿಲ್ಲೆಯ ಪ್ರಶ್ನೆಯೂ ತಾನಾಗಿ ಹಿಂದೆ ಸರಿಯುವುದು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತನಾಡುತ್ತ, ಶಾಲೆಯಲ್ಲಿ ಕನ್ನಡದ ಅಕ್ಷರವನ್ನೇ ಕಾಣದ ನಮ್ಮ ಮಕ್ಕಳಿಗೆ ಅಜ್ಜನ ಪತ್ರವನ್ನು ಓದುವಷ್ಟು ಲಿಪಿಯನ್ನು ಕಲಿಸುವ ಕೊನೆಯ ಸ್ಥಳವೂ ಇದುವೇ ಆಗಬಹುದು.

ಹಾಗಾದರೆ ಕೊರತೆ ಎಲ್ಲಿದೆ? ಪುಸ್ತಕಗಳಲ್ಲಿ ಅಲ್ಲ, ವೇಳೆಯಲ್ಲಿ ಇದೆ. ಹೋಟೇಲಿನ ಕೆಲಸಗಾರನಿಗೆ ವಿರಾಮವೆಂದರೆ ಮಧ್ಯಾಹ್ನದ ಊಟದ ಗಲಾಟೆ ಇಳಿದ ಮೇಲೆ ಮೂರರಿಂದ ಐದರವರೆಗೆ. ಮತ್ತೆ ವಾರದ ರಜೆಯ ದಿನ. ಗುಮಾಸ್ತನಿಗೆ ವಿರಾಮವೆಂದರೆ ರಾತ್ರಿ ಎಂಟರ ಮೇಲೆ. ಆ ಹೊತ್ತುಗಳಲ್ಲಿಯೇ ಅನೇಕ ಕಪಾಟುಗಳಿಗೆ ಬೀಗ ಬಿದ್ದಿರುವುದು. ಕೀಲಿಕೈ ಯಾರ ಬಳಿಯಿದೆಯೆಂಬುದು ಕಾವಲುಗಾರನಿಗೂ ತಿಳಿಯದು. ಉಪನಗರದ ಒಂದು ಸಂಸ್ಥೆಯಲ್ಲಿ ಸಭಾಗೃಹದ ದುರಸ್ತಿಯ ಸಲುವಾಗಿ ಪುಸ್ತಕಗಳನ್ನು ಗೋಣಿಗಳಲ್ಲಿ ತುಂಬಿ ಜಗಲಿಯಲ್ಲಿಟ್ಟುದನ್ನು ನಾವು ಕಣ್ಣಾರೆ ಕಂಡೆವು. ಮಳೆಗಾಲ ಕಳೆದು ಗೋಣಿ ಬಿಚ್ಚಿದಾಗ ಓದಲು ಬರುವಂತಹವು ಕೆಲವೇ ಉಳಿದಿದ್ದವು. ಮಿಕ್ಕವು ತೂಕದ ಲೆಕ್ಕದಲ್ಲಿ ರದ್ದಿಯವನ ಪಾಲಾದವು. ಸಭಾಗೃಹಕ್ಕೆ ಮಾತ್ರ ಹೊಸ ಬಣ್ಣ ಬಂದಿತು.

ಬೇರೆಯವರು ಏನು ಮಾಡಿದರೆಂಬುದನ್ನು ನೋಡೋಣ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ಬೋರ್ಡನ್ ಎಂಬ ತಜ್ಞರನ್ನು ಕರೆಸಿ, ತಮ್ಮ ಸಂಸ್ಥಾನದಲ್ಲಿ ಉಚಿತ ಗ್ರಂಥಾಲಯಗಳ ಜಾಲವನ್ನೇ ಹೆಣೆಯಿಸಿದರು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಯಿಂದ ಹಳ್ಳಿಗೆ ಕಳುಹಿಸುವ ಏರ್ಪಾಡು ಅದರಲ್ಲಿತ್ತು. ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಹೊರತಂದ ತಮ್ಮ ಪಂಚಸೂತ್ರಗಳ ಗ್ರಂಥದಲ್ಲಿ ಪುಸ್ತಕವು ಬೀಗದೊಳಗಿರುವುದಕ್ಕಲ್ಲ, ಬಳಕೆಗೆಂದು ಸಾರಿದರು. ಓದುಗನ ಹೊತ್ತನ್ನು ಹಾಳುಮಾಡದಿರುವುದೂ ಅವರಿಗೆ ಒಂದು ಧರ್ಮವಾಗಿತ್ತು. ಕಣ್ಣೂರಿನ ಬೀಡಿ ಕಾರ್ಮಿಕರು ತಮ್ಮಲ್ಲೊಬ್ಬನಿಂದ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ, ಅವನ ಪಾಲಿನ ಬೀಡಿಯನ್ನು ತಾವು ಸುತ್ತಿಕೊಡುತ್ತಿದ್ದರು. ಮೈಸೂರಿನ ರಾಜೀವನಗರದ ಸಯ್ಯದ್ ಇಸಾಕ್ ಎಂಬ ಕೂಲಿಕಾರರು ತಮಗೆ ಓದು ದಕ್ಕದಿದ್ದರೂ ನೆರೆಯವರು ಕನ್ನಡ ಓದಲೆಂದು ದುಡಿಮೆಯ ಹಣದಿಂದ ಪತ್ರಿಕೆ ತರಿಸಿ ಗ್ರಂಥಾಲಯ ನಡೆಸಿದರು. 2021ರ ಏಪ್ರಿಲಿನಲ್ಲಿ ಅದು ಸುಟ್ಟುಹೋದಾಗ ಸುಮಾರು 11,000 ಪುಸ್ತಕಗಳು ಬೂದಿಯಾದವು. ನಾಡಿನ ನಾನಾ ಕಡೆಗಳಿಂದ ನೆರವು ಹರಿದುಬಂದಿತು. ಕೂಲಿಕಾರನೊಬ್ಬನಿಗೆ ಸಾಧ್ಯವಾದುದು ಸಭಾಗೃಹಗಳುಳ್ಳ ನಮಗೆ ಅಸಾಧ್ಯವೇ?

ಸರಕಾರದ ಬೆಂಬಲವೂ ಇಲ್ಲದಿಲ್ಲ. ಅವಿಭಜಿತ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಾಗ 1948ರಲ್ಲಿಯೇ ಅಲ್ಲಿ ಗ್ರಂಥಾಲಯ ಕಾಯಿದೆ ಬಂದಿತು. ಮೈಸೂರು ರಾಜ್ಯದಲ್ಲಿ 1965ರಲ್ಲಿ, ಮಹಾರಾಷ್ಟ್ರದಲ್ಲಿ 1967ರಲ್ಲಿ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಎತ್ತುತ್ತಾರೆ. ಮಹಾರಾಷ್ಟ್ರದಲ್ಲಿ ಆ ಕರವಿಲ್ಲ, ಜನರೇ ನಡೆಸುವ ಗ್ರಂಥಾಲಯಗಳಿಗೆ ದರ್ಜೆಯನ್ನು ನೋಡಿ ಅನುದಾನ ಕೊಡುತ್ತಾರೆ. ಎಂದರೆ ಇಲ್ಲಿಯ ನಿಯಮವೇ ಜನರ ಉದ್ಯಮವನ್ನು ನಿರೀಕ್ಷಿಸುವಂತಹುದು. ಇನ್ನೊಂದು ಸಂಗತಿ: 1954ರ ಕಾಯಿದೆಯಂತೆ ಭಾರತದ ಯಾವುದೇ ಭಾಷೆಯ ಪ್ರಕಾಶಕರು ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ನಾಲ್ಕು ಗ್ರಂಥಾಲಯಗಳಿಗೆ ಒಪ್ಪಿಸತಕ್ಕದ್ದು, ಅವುಗಳಲ್ಲಿ ಒಂದು ಮುಂಬಯಿಯ ಕೇಂದ್ರ ಗ್ರಂಥಾಲಯ. ಕನ್ನಡದ ಹೊಸ ಪುಸ್ತಕಗಳಿಗೆ ಈ ನಗರದಲ್ಲಿ ಕಾನೂನಿನಿಂದಲೇ ಸ್ಥಾನವಿದೆ. ಓದುವ ನಮ್ಮವರಿಗೆ ಅವುಗಳ ಸುಳಿವಿಲ್ಲ.

ಕಿಸೆಯಲ್ಲಿ ಮೊಬೈಲಿರುವಾಗ ವಾಚನಾಲಯವೇತಕ್ಕೆ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಮೊಬೈಲಿನಲ್ಲಿ ಸುದ್ದಿಯಿದೆ, ಪುಸ್ತಕವೂ ಇದೆ. ಅದನ್ನು ಹಳಿಯುವ ಕಾರಣವಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಕೆಲಸ ಬಿಟ್ಟ ಹುಡುಗನು ಅದನ್ನು ಹಿಡಿದು ಮಲಗಿದರೆ ಒಂದು ಗಂಟೆಯು ಯಾವ ಕಡೆ ಹೋಯಿತೆಂದು ಅವನಿಗೇ ತಿಳಿಯದು. ಇಂತಹ ಪುಸ್ತಕ ಓದು, ಈ ಅರ್ಜಿಯನ್ನು ಈ ತಿಂಗಳೇ ಹಾಕು ಎಂದು ಹೆಸರು ಹಿಡಿದು ಹೇಳುವ ಹಿರಿಯರೊಬ್ಬರು ಮೇಜಿನ ಆಚೆ ಕುಳಿತಿರುವುದು ವಾಚನಾಲಯದಲ್ಲಿ ಮಾತ್ರ.

ಆದುದರಿಂದ ಮೂರು ಸೂಚನೆಗಳನ್ನು ವಾಚಕರ ಮುಂದಿಡುತ್ತೇವೆ. ಸಂಘಗಳ ಪದಾಧಿಕಾರಿಗಳು ಮಧ್ಯಾಹ್ನ ಮೂರರಿಂದ ಐದರವರೆಗೆ ಮತ್ತು ರಾತ್ರಿ ಎಂಟರಿಂದ ಹತ್ತರವರೆಗೆ ಬಾಗಿಲು ತೆರೆಯಲಿ. ನಿವೃತ್ತರಾದ ಗುಮಾಸ್ತರೂ ಶಿಕ್ಷಕರೂ ಸರದಿಯಂತೆ ಕುಳಿತರೆ ಸಂಬಳದ ಚಿಂತೆಯಿಲ್ಲ. ಹೋಟೇಲು ಮಾಲಕರು ತಮ್ಮ ಕೆಲಸಗಾರರ ಪರವಾಗಿ ಠೇವಣಿಗೆ ಜಾಮೀನು ನಿಲ್ಲಲಿ. ಹುಡುಗನು ಊರಿಗೆ ಹೋಗಿ ಮರಳದಿದ್ದರೆ ನಷ್ಟವು ಒಂದು ಪುಸ್ತಕ, ಲಾಭವು ಒಬ್ಬ ಮನುಷ್ಯ. ಬರೋಡೆಯ ಪೆಟ್ಟಿಗೆಯಂತೆ ಮೂವತ್ತು ನಲವತ್ತು ಪುಸ್ತಕಗಳ ಪೆಟ್ಟಿಗೆಯೊಂದು ತಿಂಗಳಿಗೊಮ್ಮೆ ಹೋಟೇಲಿನ ಖೋಲಿಯಿಂದ ಖೋಲಿಗೆ ಸಾಗಲಿ.

ಕೆಲಸಗಾರ ಬಂಧುಗಳಿಗೂ ಒಂದು ಮಾತು. ಬರುವ ರಜೆಯ ದಿನ ಹತ್ತಿರದ ಸಂಘಕ್ಕೆ ಹೋಗಿ, ಪುಸ್ತಕದ ಕಪಾಟು ಎಲ್ಲಿದೆ, ಯಾವಾಗ ತೆರೆಯುವುದು ಎಂದು ವಿಚಾರಿಸಿರಿ. ಬೀಗವಿದ್ದರೆ ಕಾರ್ಯದರ್ಶಿಗಳಿಗೆ ಒಂದು ಚೀಟಿ ಬರೆದಿಟ್ಟು ಬನ್ನಿರಿ. ಹತ್ತು ಮಂದಿಯ ಹತ್ತು ಚೀಟಿಗಳನ್ನು ಕಂಡ ಮೇಲೆಯೂ ಕೀಲಿಕೈ ಹುಡುಕದ ಕಾರ್ಯದರ್ಶಿಗಳು ನಮ್ಮ ಸಮಾಜದಲ್ಲಿ ಇದ್ದಾರೆಂದು ನಾವು ನಂಬುವುದಿಲ್ಲ.