ಶಾಂತಿ ಸಭೆಯ ಆಚೆಗೆ

ಗಣೇಶ ಚತುರ್ಥಿಯೋ ಮೊಹರಮ್ಮೋ ಹತ್ತಿರ ಬಂತೆಂದರೆ ಬೀದರ, ಭಾಲ್ಕಿ, ಔರಾದ್‌ಗಳಲ್ಲಿ ಪೊಲೀಸರು ಶಾಂತಿ ಸಭೆ ಕರೆಯುತ್ತಾರೆ. ತಹಸೀಲ್ದಾರರು, ಇನ್‌ಸ್ಪೆಕ್ಟರು, ಗಣೇಶ ಮಂಡಳಿಯವರು, ಮಸೀದಿ ಕಮಿಟಿಯವರು, ಊರ ಹಿರಿಯರು ಒಂದೆಡೆ ಕೂಡುತ್ತಾರೆ. ಮೆರವಣಿಗೆ ಯಾವ ಬೀದಿಯಿಂದ ಸಾಗಬೇಕು, ನಮಾಜಿನ ವೇಳೆಗೆ ಧ್ವನಿವರ್ಧಕ ಎಲ್ಲಿ ನಿಲ್ಲಿಸಬೇಕು, ವಿಸರ್ಜನೆ ಎಷ್ಟು ಗಂಟೆಗೆ ಮುಗಿಯಬೇಕು ಎಂಬುದೆಲ್ಲ ತೀರ್ಮಾನವಾಗುತ್ತದೆ. ಚಹಾ ಕುಡಿದು ಎಲ್ಲರೂ ಮನೆಗೆ ತೆರಳುತ್ತಾರೆ.

ಇಂಥ ಸಭೆ ವ್ಯರ್ಥವೇನಲ್ಲ. ಎಷ್ಟೋ ಜಗಳಗಳು ಹಾದಿ ಮತ್ತು ಹೊತ್ತಿನ ಸಣ್ಣ ತಕರಾರಿನಿಂದಲೇ ಹುಟ್ಟುವುದರಿಂದ ಅವನ್ನು ಮೊದಲೇ ಬಗೆಹರಿಸುವುದು ಜಾಣತನ. ಆದರೆ ಸಭೆಗೆ ವರ್ಷವರ್ಷವೂ ಬರುವವರು ಬಹುಪಾಲು ಅವರೇ. ಕಲ್ಲೆತ್ತಬಹುದಾದ ಹದಿನೆಂಟರ ಹುಡುಗ ಅಲ್ಲಿರುವುದಿಲ್ಲ. ಹೆಣ್ಣುಮಕ್ಕಳಂತೂ ಕಾಣುವುದೇ ಅಪರೂಪ. ಇತ್ತ ಸುದ್ದಿಯ ವೇಗವೂ ಬದಲಾಗಿದೆ. 2022ರ ಅಕ್ಟೋಬರಿನಲ್ಲಿ ದಸರಾ ಮೆರವಣಿಗೆಯ ಗುಂಪೊಂದು ಬೀದರಿನ ಮಹಮೂದ್ ಗಾವಾನ್ ಮದರಸಾದ ಆವರಣಕ್ಕೆ ನುಗ್ಗಿ ಪೂಜೆ ಮಾಡಿದಾಗ, ಪೊಲೀಸರು ಮೊಕದ್ದಮೆ ದಾಖಲಿಸುವಷ್ಟರಲ್ಲಿ ಅದರ ವಿಡಿಯೊ ದೇಶವನ್ನೆಲ್ಲ ಸುತ್ತುತ್ತಿತ್ತು.

ಆ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಗಾವಾನನ ಕತೆಯನ್ನು ಇಲ್ಲಿ ನೆನೆಯಬಹುದು. ಬಹಮನಿ ರಾಜ್ಯದ ಆ ಪ್ರಧಾನಿ 1481ರಲ್ಲಿ ಸತ್ತದ್ದು ಒಂದು ಸುಳ್ಳು ಪತ್ರದಿಂದ. ವಿರೋಧಿಗಳು ಅವನ ಮೊಹರು ಒತ್ತಿಸಿಕೊಂಡ ಕಾಗದದ ಮೇಲೆ ದ್ರೋಹದ ಮಾತು ಬರೆದು ಸುಲ್ತಾನನ ಕೈಗಿತ್ತರು. ಸುಲ್ತಾನ ಸರಿಯಾಗಿ ವಿಚಾರಿಸದೆ ತಲೆ ತೆಗೆಸಿದ. ನಿಜ ತಿಳಿದಾಗ ಹೊತ್ತು ಮೀರಿತ್ತು. ಮುಂದಿನ ಕೆಲವೇ ದಶಕಗಳಲ್ಲಿ ಆ ರಾಜ್ಯವೇ ಒಡೆದು ಐದಾಯಿತು. ಸುಳ್ಳು ಸುದ್ದಿಗೆ ಬೀದರಿನಲ್ಲಿ ಐನೂರು ವರ್ಷಗಳ ಇತಿಹಾಸವಿದೆ.

ಹಾಗಾದರೆ ಕೆಟ್ಟ ದಿನ ಬಂದಾಗ ಹಿಂಸೆಯನ್ನು ತಡೆದು ನಿಲ್ಲಿಸುವುದು ಯಾವುದು? ಈ ಪ್ರಶ್ನೆಗೆ 1948ರಷ್ಟು ಕಠಿಣವಾದ ಉತ್ತರ ಕೊಟ್ಟ ವರ್ಷ ಜಿಲ್ಲೆಯ ಇತಿಹಾಸದಲ್ಲಿ ಇನ್ನೊಂದಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ರಜಾಕಾರರು ಬಸವಕಲ್ಯಾಣದ ಕಡೆಯ ಗೋರ್ಟಾ ಗ್ರಾಮದಲ್ಲಿ ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮನ ಆಳ್ವಿಕೆ ಕೊನೆಗೊಂಡಿತು. ಅದರ ಬೆನ್ನಿಗೇ ಸೇಡಿನ ಕೈ ಏನೂ ಅರಿಯದ ಮುಸ್ಲಿಂ ಕುಟುಂಬಗಳ ಮೇಲೆ ಬಿತ್ತು. ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡ ಆ ವರ್ಷದ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿ ವರದಿ ಸಲ್ಲಿಸಿತು. ಅದರ ಅಂದಾಜಿನಂತೆ ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು. ಸರ್ಕಾರ ದಶಕಗಳ ಕಾಲ ಆ ವರದಿಯನ್ನು ಪ್ರಕಟಿಸಲಿಲ್ಲ. ಗೋರ್ಟಾವನ್ನು ನೆನೆಯುವವರು ಸುಂದರಲಾಲ್ ವರದಿಯನ್ನು ಮರೆಯುತ್ತಾರೆ. ವರದಿಯನ್ನು ಎತ್ತಿ ಹಿಡಿಯುವವರು ಗೋರ್ಟಾದ ಹೆಸರೆತ್ತುವುದಿಲ್ಲ. ಎರಡೂ ಒಂದೇ ನೆಲದ ಗಾಯಗಳು.

ಆ ವರದಿಯಲ್ಲಿ ಹೆಚ್ಚು ಚರ್ಚೆಯಾಗದ ಒಂದು ಅಂಶವಿದೆ. ನೆರೆಯ ಮುಸ್ಲಿಮರನ್ನು ಪ್ರಾಣ ಒತ್ತೆಯಿಟ್ಟು ಕಾಪಾಡಿದ ಹಿಂದೂಗಳನ್ನೂ ತಂಡ ಕಂಡಿತ್ತು. ಒಂದೇ ಕಸುಬಿನವರಲ್ಲಿ ಈ ಒಲವು ವಿಶೇಷವಾಗಿತ್ತೆಂದು ಅದು ಗುರುತಿಸಿತು. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ಎದ್ದು ನಿಂತು, ತಮ್ಮವರೇ ಆದ ದಾಳಿಕೋರರ ಕೈಯಲ್ಲಿ ಜೀವ ತೆತ್ತರು. ಅವರನ್ನು ಹಾಗೆ ನಿಲ್ಲಿಸಿದ್ದು ಯಾರ ಉಪದೇಶವೂ ಇರಲಾರದು. ಒಂದೇ ನೂಲು, ಒಂದೇ ಸಂತೆ, ಒಂದೇ ಸಾಲದ ಚಿಂತೆ ಅವರನ್ನು ಬೆಸೆದಿರಬೇಕು.

ಅರ್ಧ ಶತಮಾನದ ನಂತರ ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಅವರು ಭಾರತದ ಆರು ನಗರಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಮಾತನ್ನು ಹೇಳಿತು. ಅಲಿಗಢದಲ್ಲಿ ಗಲಭೆ ಮರುಕಳಿಸುತ್ತಿದ್ದರೆ ಕೇರಳದ ಕಲ್ಲಿಕೋಟೆ ಶಾಂತವಾಗಿತ್ತು. ಹೈದರಾಬಾದಿಗೆ ಹೋಲಿಸಿದರೆ ಲಖನೌ ನೆಮ್ಮದಿಯಾಗಿತ್ತು. ನೆರೆಹೊರೆಯ ನಮಸ್ಕಾರ, ಹಬ್ಬದ ಸಿಹಿ ವಿನಿಮಯ ಹಳ್ಳಿಗೆ ಸಾಕಾಗಬಹುದು. ನಗರಕ್ಕೆ ಬೇಕಾದದ್ದು ಎರಡೂ ಸಮುದಾಯದವರು ಒಟ್ಟಿಗೆ ದುಡಿಯುವ ಕಾರ್ಮಿಕ ಸಂಘ, ವರ್ತಕರ ಸಂಘಗಳಂಥ ವ್ಯವಸ್ಥೆ. ಲಖನೌದ ಚಿಕನ್ ಕಸೂತಿಯ ವ್ಯಾಪಾರದಲ್ಲಿ ಹಿಂದೂ ವರ್ತಕರಿಗೂ ಮುಸ್ಲಿಂ ಕುಶಲಕರ್ಮಿಗಳಿಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಗತಿಯಿಲ್ಲ. ಗಲಭೆಯಾದರೆ ನಷ್ಟ ಇಬ್ಬರಿಗೂ.

ಇಂಥ ಬೆಸುಗೆಯನ್ನು ಬೀದರ ಜಿಲ್ಲೆಯಲ್ಲಿ ಬಾಳಿನುದ್ದಕ್ಕೂ ಕಟ್ಟಿದವರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು. ಹುಟ್ಟಿದ್ದು ಅಂದಿನ ಔರಾದ್ ಭಾಗದ ಕಮಲನಗರದಲ್ಲಿ. ನೂರು ವರ್ಷ ದಾಟಿ ಬಾಳಿದ ಅವರು 1999ರ ಏಪ್ರಿಲ್‌ನಲ್ಲಿ ಲಿಂಗೈಕ್ಯರಾದರು. ನಿಜಾಮನ ಕಾಲದಲ್ಲಿ ಸರ್ಕಾರಿ ಶಾಲೆ, ಕಚೇರಿಗಳೆಲ್ಲ ಉರ್ದುಮಯ. ಕನ್ನಡ ಕಲಿಸುವುದೇ ಅನುಮಾನಕ್ಕೆ ಈಡಾಗುವ ದಿನಗಳಲ್ಲಿ ಅವರು ಹೊರಗೆ ಉರ್ದು ಫಲಕ ಹಾಕಿಸಿ, ಒಳಗೆ ಕನ್ನಡ ಪಾಠ ನಡೆಸಿದರು. ಈ ಪ್ರಸಂಗವನ್ನು ಭಾಷಾಭಿಮಾನದ ಕತೆಯಾಗಿ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಹೋರಾಟದ ಒಂದು ರೀತಿಯೂ ಅಡಗಿದೆ. ಉರ್ದುವನ್ನು ಬೈಯಲಿಲ್ಲ, ಆ ಫಲಕಕ್ಕೆ ಮಸಿ ಬಳಿಯಲಿಲ್ಲ. ಮಕ್ಕಳಿಗೆ ಅಕ್ಷರ ಸಿಕ್ಕಿತು. ಯಾರೊಬ್ಬರ ಮೈಮೇಲೂ ಗಾಯವಾಗಲಿಲ್ಲ.

ಅವರು ಕಟ್ಟಿದ ಶಿಕ್ಷಣ ಸಂಸ್ಥೆಯ ಹೆಸರೇ ‘ಶಾಂತಿವರ್ಧಕ’. ಮಠದ ಪ್ರಸಾದ ನಿಲಯದಲ್ಲಿ ಜಾತಿಯ ಎಣಿಕೆಯಿಲ್ಲದೆ ಬಡ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಊಟದ ಪಂಕ್ತಿಯಲ್ಲೇ ಜಾತಿ ಎದ್ದು ಕಾಣುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಗಾಂಧೀಜಿ 1941ರಲ್ಲಿ ಬರೆದ ರಚನಾತ್ಮಕ ಕಾರ್ಯಕ್ರಮದಲ್ಲಿ ಕೋಮು ಐಕ್ಯ ಮೊದಲು, ಅಸ್ಪೃಶ್ಯತೆಯ ನಿವಾರಣೆ ಆಮೇಲೆ ಬರುತ್ತದೆ. ಭಾಲ್ಕಿಯಲ್ಲಿ ಮಾತ್ರ ಕೆಲಸ ಶುರುವಾದದ್ದು ಅಡುಗೆ ಮನೆಯಿಂದ.

ಮುಂದೆ 1950ರ ದಶಕದಲ್ಲಿ ಪಟ್ಟದ್ದೇವರು ಬಸವಕಲ್ಯಾಣದಲ್ಲಿ ಅನುಭವ ಮಂಟಪದ ನಿರ್ಮಾಣಕ್ಕೆ ಕೈಹಾಕಿದರು. ಗೋರ್ಟಾದ ನೆತ್ತರು ಆರಿ ಬಹಳ ವರ್ಷಗಳಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಾದಾರ, ಅಂಬಿಗ, ಮಡಿವಾಳ, ಹೆಣ್ಣು, ಗಂಡು ಎಲ್ಲರೂ ಕೂತು ಚರ್ಚಿಸಿದ ಆ ಮಂಟಪದ ಕತೆ ಮುಗಿದದ್ದು ರಕ್ತಪಾತದಲ್ಲಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವಯ್ಯನ ಮಗಳಿಗೂ ಮದುವೆಯಾದಾಗ ಕಲ್ಯಾಣ ಹೊತ್ತಿ ಉರಿಯಿತು. ಮಾತುಕತೆ ಎಷ್ಟೇ ಎತ್ತರದ್ದಾದರೂ ಅದನ್ನು ನಡೆದು ತೋರಿಸಿದ ಕ್ಷಣದಲ್ಲೇ ನಿಜವಾದ ಪರೀಕ್ಷೆ. ಇದನ್ನು ಪಟ್ಟದ್ದೇವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಮಠದ ಈಗಿನ ಕೆಲಸಗಳಲ್ಲಿ ಒಂದು ಇನ್ನೂ ಮೌನವಾದದ್ದು. ಹೆತ್ತವರು ತೊರೆದ ಹಸುಗೂಸುಗಳನ್ನು ಬಸವಲಿಂಗ ಪಟ್ಟದ್ದೇವರ ಆಶ್ರಯದಲ್ಲಿ ಮಠ ಸಾಕುತ್ತಿದೆ. ಗಲಭೆಯಾದಾಗ ಪತ್ರಿಕೆಗಳು ತುಂಬುತ್ತವೆ. ಪೊದೆಯಲ್ಲಿ ಬಿಸಾಡಿದ ಕೂಸಿಗೆ ಶಾಂತಿ ಸಭೆ ಕರೆಯುವವರಿಲ್ಲ. ಅದೂ ಹಿಂಸೆಯೇ.

ಬೀದರ ನಗರಕ್ಕೆ ಬಂದರೆ 1988ರ ಸೆಪ್ಟೆಂಬರನ್ನು ದಾಟಿ ಹೋಗುವಂತಿಲ್ಲ. ಗಣೇಶೋತ್ಸವದ ಹೊತ್ತಿನ ಜಗಳ ಬೆಳೆದು, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಕೊಲೆಯಾಯಿತು. ಗುರು ಗೋವಿಂದ ಸಿಂಗರು 1699ರಲ್ಲಿ ಆರಿಸಿಕೊಂಡ ಐವರು ಪ್ರಿಯರಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ಬೀದರದವರು. ಅಂಥ ಊರಿನಲ್ಲಿ ಹೀಗಾಯಿತು. ಆದರೂ ನಾನಕ್ ಝೀರಾದ ಲಂಗರಿನಲ್ಲಿ ಇಂದಿಗೂ ಯಾವ ಊರು, ಯಾವ ಮತ ಎಂದು ಕೇಳದೆ ನೆಲದ ಮೇಲೆ ಸಾಲಾಗಿ ಕೂರಿಸಿ ರೊಟ್ಟಿ, ದಾಲ್ ಬಡಿಸುತ್ತಾರೆ. ಝೀರಾ ಎಂದರೆ ಚಿಲುಮೆ. ಬೀದರಿನ ಜಂಬಿಟ್ಟಿಗೆ ಕಲ್ಲು ರಂಧ್ರಮಯವಾದ್ದರಿಂದ ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೆಳಗಿನ ಗಟ್ಟಿ ಪದರ ತಡೆದಾಗ ಆ ನೀರು ಇಳಿಜಾರಿನಲ್ಲಿ ಹೊರಚಿಮ್ಮುತ್ತದೆ. ಗುರು ನಾನಕರ ಪಾದಸ್ಪರ್ಶದಿಂದ ಚಿಲುಮೆ ಹುಟ್ಟಿತೆಂಬುದು ಭಕ್ತರ ನಂಬಿಕೆ. ಕುಡಿಯಲು ಬಂದವನಿಗೆ ಎರಡು ವಿವರಣೆಗಳ ನಡುವೆ ಜಗಳವಿಲ್ಲ.

ನಗರದ ಪೂರ್ವಕ್ಕಿರುವ ಅಷ್ಟೂರಿನ ಉರುಸಂತೂ ಇಡೀ ನಾಡಿನಲ್ಲೇ ಅಪರೂಪದ್ದು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಷಾ ಅಲ್ಲಿ ಮಲಗಿದ್ದಾನೆ. ಮುಸ್ಲಿಮರಿಗೆ ಅವನು ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಬದುಕಿದ್ದಾಗ ಅವನೇನೂ ಸಂತನಾಗಿರಲಿಲ್ಲ. ವಿಜಯನಗರದ ಮೇಲೆ ಅವನು ನಡೆಸಿದ ದಂಡಯಾತ್ರೆಯ ಕ್ರೌರ್ಯವನ್ನು ಚರಿತ್ರೆಕಾರ ಫೆರಿಸ್ತಾ ಬರೆದಿದ್ದಾನೆ. ಬರಗಾಲದಲ್ಲಿ ಅವನು ಪ್ರಾರ್ಥಿಸಿದಾಗ ಮಳೆ ಬಂತೆಂಬ ಕತೆಯನ್ನೇ ಜನ ಉಳಿಸಿಕೊಂಡರು.

ಹಿಜರಿ ವರ್ಷ ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಸಾಮಾನ್ಯವಾಗಿ ಉರುಸುಗಳು ಋತುವಿನಿಂದ ಋತುವಿಗೆ ಸರಿಯುತ್ತವೆ. ಅಷ್ಟೂರಿನದು ಸರಿಯುವುದಿಲ್ಲ. ಅದು ಹೋಳಿ ಹುಣ್ಣಿಮೆಯ ನಂತರದ ಇಪ್ಪತ್ತನೆಯ ದಿನಕ್ಕೆ ಗಂಟುಬಿದ್ದಿದೆ. ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಶಿಷ್ಯರೊಡನೆ ನಡೆದು ಬರುತ್ತಾರೆ. ಉರುಸಿನ ಮುಖ್ಯ ವಿಧಿ ನೆರವೇರಿಸುವವರು ಅವರೇ. ಬೇಸಿಗೆಯ ಬಿಸಿಲಲ್ಲಿ ಅಷ್ಟು ದೂರ ನಡೆದು, ಶಂಖದ ದನಿಯೊಡನೆ ಗುಮ್ಮಟದೊಳಗೆ ಹೋಗಿ, ಜಂಗಮರು ಸುಲ್ತಾನನ ಗೋರಿಗೆ ಹೂ ಏರಿಸುತ್ತಾರೆ. ಹೊರಗೆ ಬತ್ತಾಸು, ಬಳೆ, ಆಟಿಕೆಗಳ ಅಂಗಡಿಗಳ ಮುಂದೆ ಬುರ್ಖಾದವರೂ ವಿಭೂತಿಯವರೂ ಒಂದೇ ದರಕ್ಕೆ ಚೌಕಾಸಿ ಮಾಡುತ್ತಿರುತ್ತಾರೆ.