ನಿಮಗಿದು ಗೊತ್ತೇ? ಪಾಸ್‌ಪೋರ್ಟ್ ನೋಡಿಕೊಂಡು ಮಾತಾಡಿ!

ಹಂದನಕೆರೆಯ ಅರಳಿಕಟ್ಟೆ ಮೇಲೆ ಕೂತು ಕೊಬ್ಬರಿ ದರ ನಿಗದಿ ಮಾಡುವವರಿಂದ ಹಿಡಿದು ಪ್ರಧಾನಿಯವರೆಗೆ ಯಾರನ್ನು ಬೇಕಾದರೂ ಬೈದು, ಪಂಚೆ ಕೊಡವಿಕೊಂಡು ಎದ್ದು ಬರಬಹುದು. ಅದೇ ಬೈಗುಳವನ್ನು ದುಬೈಯಲ್ಲಿರುವ ಮಗ ಫೇಸ್‌ಬುಕ್ಕಿಗೆ ಹಾಕಿದರೆ? ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗ ರಜೆಗೆ ಬಂದು ತೋಟದ ಮನೆಯಿಂದಲೇ ಟ್ವೀಟ್ ಮಾಡಿದರೆ? ಈ ಸಲದ ಚೂರುಪಾರೆಲ್ಲ ಅದರದ್ದೇ.

• ನಮ್ಮ ಸಂವಿಧಾನದ 14 ಮತ್ತು 21ನೇ ವಿಧಿಗಳು ಈ ನೆಲದ ಮೇಲಿರುವ ಎಲ್ಲರಿಗೂ ಅನ್ವಯಿಸುತ್ತವೆ. ವಾಕ್ ಸ್ವಾತಂತ್ರ್ಯ ಕೊಡುವ 19ನೇ ವಿಧಿ ಮಾತ್ರ ನಾಗರಿಕರಿಗಷ್ಟೇ ಮೀಸಲು. ಅಜ್ಜ, ಮೊಮ್ಮಗ ಒಂದೇ ಜಗಲಿಯಲ್ಲಿ ಕೂತು ಸರ್ಕಾರವನ್ನು ಟೀಕಿಸಿ ಒಂದೇ ವಾಕ್ಯ ಬರೆದರೂ ಅಜ್ಜನ ಬೆನ್ನಿಗೆ 19ನೇ ವಿಧಿ ಇರುತ್ತದೆ, ಮೊಮ್ಮಗನ ಬೆನ್ನಿಗೆ ಇರುವುದಿಲ್ಲ.

• ಪರದೇಶಿಗರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1955ರಲ್ಲಿ, ಹಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿ. ಎಪ್ಪತ್ತು ವರ್ಷವಾದರೂ ಸರ್ಕಾರಿ ವಕೀಲರು ಆ ತೀರ್ಪನ್ನು ಕೈಬಿಟ್ಟಿಲ್ಲ.

• ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಒಸಿಐ ಕಾರ್ಡ್ ಕೊಡುತ್ತಾರಲ್ಲ, ಅದಿದ್ದರೆ ವೀಸಾ ಇಲ್ಲದೆ ಬರಬಹುದು, ಎಷ್ಟು ವರ್ಷ ಬೇಕಾದರೂ ಇರಬಹುದು, ಫ್ಲ್ಯಾಟು, ಸೈಟು ಕೊಳ್ಳಬಹುದು. ಓಟು ಹಾಕುವಂತಿಲ್ಲ. ತೆಂಗಿನ ತೋಟ ಕೊಳ್ಳುವಂತಿಲ್ಲ! ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದು ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿತು ನಿಜ, ಆದರೆ ವಿದೇಶಿ ವಿನಿಮಯದ ಕೇಂದ್ರ ನಿಯಮ ಹಾಗೇ ಇದೆ. ಅಪ್ಪನ ತೋಟ ಪಿತ್ರಾರ್ಜಿತವಾಗಿ ಬಂದರೆ ಸರಿ, ಪಕ್ಕದವರ ಎರಡೆಕರೆಗೆ ಕೈಹಾಕುವ ಹಾಗಿಲ್ಲ.

• ಒಂದು ಟ್ವೀಟಿಗೆ ಆ ಕಾರ್ಡೇ ರದ್ದಾದದ್ದು ಕನ್ನಡ ಸಿನಿಮಾದ ನಾಯಕನೊಬ್ಬನಿಗೆ. ‘ಆ ದಿನಗಳು’ (2007), ‘ಮೈನಾ’ (2013) ಚಿತ್ರಗಳ ಚೇತನ್ ಹುಟ್ಟಿದ್ದು ಷಿಕಾಗೋದಲ್ಲಿ, ಓದಿದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ, ಕರ್ನಾಟಕಕ್ಕೆ ಬಂದದ್ದು 2005ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ. ಕೈಯಲ್ಲಿರುವುದು ಅಮೆರಿಕದ ಪಾಸ್‌ಪೋರ್ಟ್. ಹಿಜಾಬ್ ವಿಚಾರಣೆ ನಡೆಯುತ್ತಿದ್ದಾಗ ಪೀಠದಲ್ಲಿದ್ದ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರ ಹಳೆಯದೊಂದು ಆದೇಶವನ್ನು ಟೀಕಿಸಿ ಟ್ವೀಟ್ ಮಾಡಿದ್ದಕ್ಕೆ 2022ರ ಫೆಬ್ರುವರಿ 22ರಂದು ಮೊದಲ ಬಂಧನ. ಅದೇ ವರ್ಷ ಕಾರ್ಡ್ ಯಾಕೆ ರದ್ದು ಮಾಡಬಾರದೆಂದು ಕೇಂದ್ರದ ನೋಟಿಸ್. ಹಿಂದುತ್ವ ನಿಂತಿರುವುದೇ ಸುಳ್ಳುಗಳ ಮೇಲೆ ಎನ್ನುತ್ತ, ಟಿಪ್ಪುವನ್ನು ಕೊಂದರೆನ್ನಲಾದ ಉರಿಗೌಡ–ನಂಜೇಗೌಡರನ್ನೂ ಎಳೆತಂದು ಬರೆದ ಟ್ವೀಟಿಗೆ 2023ರ ಮಾರ್ಚ್ 21ರಂದು ಮತ್ತೆ ಬಂಧನ. 23ಕ್ಕೆ ಜಾಮೀನು. 28ಕ್ಕೆ ಒಸಿಐ ರದ್ದತಿ ಆದೇಶ. ಅದು ಕೈಸೇರಿದ್ದು ಏಪ್ರಿಲ್ ಮಧ್ಯದಲ್ಲಿ, ಕಾರ್ಡ್ ಹಿಂದಿರುಗಿಸಲು 15 ದಿನ ಗಡುವು. ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ತಾತ್ಕಾಲಿಕ ತಡೆ ಕೊಟ್ಟರು. ಜೊತೆಗೊಂದು ಷರತ್ತು: ನ್ಯಾಯಾಂಗದ ಬಗ್ಗೆ, ವಿಚಾರಣೆಯಲ್ಲಿರುವ ವಿಷಯಗಳ ಬಗ್ಗೆ ಟ್ವೀಟ್ ಮಾಡುವುದಿಲ್ಲವೆಂದು ಪ್ರಮಾಣಪತ್ರ ಬರೆದುಕೊಡಬೇಕು.

ಅವರ ಮಾತು ನಿಮಗೆ ಹಿಡಿಸದಿರಬಹುದು. ಅದೇ ಟ್ವೀಟನ್ನು ತಿಪಟೂರಿನವರೊಬ್ಬರು ಮಾಡಿದ್ದರೂ ಕೇಸು ಬೀಳುತ್ತಿತ್ತು, ಜಾಮೀನೂ ಸಿಗುತ್ತಿತ್ತು. ಮನೆ ಖಾಲಿ ಮಾಡಿ ದೇಶ ಬಿಡು ಎನ್ನುವ ಕಾಗದ ಮಾತ್ರ ಬರುತ್ತಿರಲಿಲ್ಲ.

• ಒಸಿಐ ರದ್ದು ಮಾಡುವ ಕಾರಣಗಳಿರುವುದು 1955ರ ಪೌರತ್ವ ಕಾಯ್ದೆಯ 7ಡಿ ಕಲಮಿನಲ್ಲಿ. ಮೋಸದಿಂದ ಪಡೆದದ್ದು, ಸಂವಿಧಾನಕ್ಕೆ ನಿಷ್ಠೆ ತೋರದಿರುವುದು, ಯುದ್ಧಕಾಲದಲ್ಲಿ ಶತ್ರುವಿಗೆ ನೆರವಾಗುವುದು ಇವೆಲ್ಲ ಮೊದಲಿನಿಂದಲೂ ಇದ್ದವು. 2019ರ ತಿದ್ದುಪಡಿ ಕೇಂದ್ರ ಅಧಿಸೂಚಿಸುವ ಯಾವುದೇ ಕಾನೂನಿನ ಉಲ್ಲಂಘನೆಯನ್ನೂ ಸೇರಿಸಿತು. 2025ರ ಆಗಸ್ಟ್‌ನ ಅಧಿಸೂಚನೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ಆರೋಪಪಟ್ಟಿ ಬಿದ್ದರೂ ಸಾಕು, ತೀರ್ಪು ಬರುವವರೆಗೆ ಕಾಯಬೇಕಿಲ್ಲ.

• ಪತ್ರಿಕೋದ್ಯಮ ಮಾಡಲು ಒಸಿಐ ಇರುವವರು ವಿಶೇಷ ಅನುಮತಿ ಪಡೆಯಬೇಕೆಂಬ ಅಧಿಸೂಚನೆ ಬಂದದ್ದು 2021ರ ಮಾರ್ಚಿನಲ್ಲಿ. ಅದೇ ಪಟ್ಟಿಯಲ್ಲಿ ಪರ್ವತಾರೋಹಣವೂ ಇದೆ. ಬೆಟ್ಟ ಹತ್ತುವುದೂ ಬರೆಯುವುದೂ ಒಂದೇ ಸಾಲಿನಲ್ಲಿ ಹೇಗೆ ಕೂತವೋ!

• ರಾಜ್ಯ ಸರ್ಕಾರ ಕರೆದರೂ ಕೇಂದ್ರ ಬಿಡದಿದ್ದರೆ ವಿಮಾನ ನಿಲ್ದಾಣವೇ ಕೊನೆ. 2024ರ ಫೆಬ್ರುವರಿಯಲ್ಲಿ ಸಂವಿಧಾನದ ಕುರಿತ ಸಮಾವೇಶಕ್ಕೆಂದು ಕರ್ನಾಟಕ ಸರ್ಕಾರ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು ಆಹ್ವಾನಿಸಿತ್ತು. ಬೆಂಗಳೂರಿನಲ್ಲಿ ಇಳಿದವರನ್ನು ಹೊರಗೆ ಬಿಡದೆ ವಾಪಸ್ ವಿಮಾನ ಹತ್ತಿಸಿದರು. 2025ರ ಮೇ ತಿಂಗಳಲ್ಲಿ ಒಸಿಐ ರದ್ದಾಯಿತು. ಕೊಟ್ಟ ಕಾರಣಗಳಲ್ಲಿ ಅವರ ಬರಹ, ಭಾಷಣಗಳ ಜೊತೆ ಸಾಮಾಜಿಕ ಜಾಲತಾಣವೂ ಇತ್ತು.

• ಸ್ವೀಡನ್ನಿನ ಉಪ್ಸಾಲಾದಲ್ಲಿ ಪಾಠ ಮಾಡುವ, ಒಡಿಶಾ ಮೂಲದ ಅಶೋಕ್ ಸ್ವೈನ್ ಅವರ ಒಸಿಐ ರದ್ದತಿಯನ್ನು ದೆಹಲಿ ಹೈಕೋರ್ಟ್ 2023ರ ಜುಲೈನಲ್ಲಿ ತಳ್ಳಿಹಾಕಿತು. ಕಲಮಿನ ಸಂಖ್ಯೆಯನ್ನು ಮಂತ್ರದ ಹಾಗೆ ಪಠಿಸಿದ್ದೀರಿ, ಕಾರಣವೇ ಇಲ್ಲ ಎಂಬುದು ಕೋರ್ಟಿನ ಆಕ್ಷೇಪ. ಅದೇ ತಿಂಗಳ ಕೊನೆಗೆ ಸರ್ಕಾರ ಕಾರಣ ಬರೆದು ಮತ್ತೆ ರದ್ದು ಮಾಡಿತು. 2025ರ ಮಾರ್ಚಿನಲ್ಲಿ ಕೋರ್ಟ್ ಅದನ್ನೂ ತಳ್ಳಿಹಾಕಿತು.

• ಕಾರ್ಡೂ ಇಲ್ಲದೆ ಬರೀ ವಿದ್ಯಾರ್ಥಿ ವೀಸಾದಲ್ಲಿರುವವರ ಪಾಡೇನು? 2020ರ ಫೆಬ್ರುವರಿಯಲ್ಲಿ ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಓದುತ್ತಿದ್ದ ಬಾಂಗ್ಲಾದೇಶದ ವಿದ್ಯಾರ್ಥಿನಿಯೊಬ್ಬಳು ಕ್ಯಾಂಪಸ್ಸಿನ ಪ್ರತಿಭಟನೆಯ ಫೋಟೊಗಳನ್ನು ಫೇಸ್‌ಬುಕ್ಕಿಗೆ ಹಾಕಿದ ಮೇಲೆ ದೇಶ ಬಿಡುವ ನೋಟಿಸ್ ಬಂತು. ಅದೇ ದಿನಗಳಲ್ಲಿ ಜಾದವ್‌ಪುರದಲ್ಲಿ ಓದುತ್ತಿದ್ದ ಪೋಲೆಂಡಿನ ವಿದ್ಯಾರ್ಥಿಗೂ ಇಂಥದೇ ನೋಟಿಸ್. ಅವನು ಕಲ್ಕತ್ತಾ ಹೈಕೋರ್ಟಿಗೆ ಹೋದ. ಮಾರ್ಚಿನಲ್ಲಿ ಕೋರ್ಟ್ ನೋಟಿಸನ್ನೇ ರದ್ದು ಮಾಡಿತು. ಆಸರೆಯಾದದ್ದು ಎಲ್ಲರಿಗೂ ಸಲ್ಲುವ ಆ 21ನೇ ವಿಧಿ.

• ಬ್ರಿಟಿಷರು ಬ್ರಿಟಿಷನನ್ನೇ ಭಾರತದಿಂದ ಓಡಿಸಿದ್ದೂ ಉಂಟು. ಬಾಂಬೆ ಕ್ರಾನಿಕಲ್ ಸಂಪಾದಕ ಬಿ.ಜಿ. ಹಾರ್ನಿಮನ್ ಸರ್ಕಾರವನ್ನು ಬಿಡದೆ ಟೀಕಿಸಿದ್ದಕ್ಕೆ 1919ರ ಏಪ್ರಿಲ್‌ನಲ್ಲಿ ಹಡಗು ಹತ್ತಿಸಿದರು. 1926ರಲ್ಲಿ ಆಸಾಮಿ ಮತ್ತೆ ಹಾಜರ್! ಮುಂಬೈಯ ಹಾರ್ನಿಮನ್ ಸರ್ಕಲ್ ಅವರ ಹೆಸರಿನದೇ.

• ಹೋಟೆಲ್ ಚೆನ್ನಾಗಿಲ್ಲ ಎಂದು ಬರೆದರೂ ಜೈಲಾದೀತೇ? ಆಗಿದೆ. ಥಾಯ್ಲೆಂಡಿನಲ್ಲಿ ಕೆಲಸ ಮಾಡಿಕೊಂಡಿದ್ದ ಅಮೆರಿಕದವನೊಬ್ಬ ಕೊ ಚಾಂಗ್ ದ್ವೀಪದ ರೆಸಾರ್ಟಿಗೆ ತನ್ನದೇ ಬಾಟಲಿ ಒಯ್ದ. ಅದಕ್ಕೆ ಶುಲ್ಕ ಕೇಳಿದಾಗ ಜಗಳವಾಯಿತು. ಆಮೇಲೆ ಟ್ರಿಪ್‌ಅಡ್ವೈಸರ್‌ನಲ್ಲಿ ರೆಸಾರ್ಟನ್ನು ಜಾಲಾಡಿದ. ಅಲ್ಲಿ ಮಾನನಷ್ಟ ಕ್ರಿಮಿನಲ್ ಅಪರಾಧ, 2 ವರ್ಷದವರೆಗೆ ಜೈಲು. 2020ರಲ್ಲಿ ಬಂಧನವಾಗಿ, ಕ್ಷಮೆ ಕೇಳಿದ ಮೇಲೆ ದೂರು ವಾಪಸಾಯಿತು. ರಾಜನನ್ನು ಟೀಕಿಸಿದರೆ ಅಲ್ಲಿ ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ.

• ಸಿಂಗಪುರದಲ್ಲಿ ಬಸ್ಸು, ರೈಲಿನಲ್ಲಿ ಓಡಾಡುವವರನ್ನು ‘ಬಡವರು’ ಎಂದು ಫೇಸ್‌ಬುಕ್ಕಿನಲ್ಲಿ ಅಣಕಿಸಿದ ಬ್ರಿಟಿಷ್ ಬ್ಯಾಂಕರ್ 2014ರಲ್ಲಿ ಕೆಲಸ ಕಳೆದುಕೊಂಡು ಊರು ಬಿಟ್ಟ. ಮರುವರ್ಷ ಸಿಂಗಪುರದವರನ್ನು ನಿಂದಿಸಿ ಬರೆದ ಫಿಲಿಪ್ಪೀನ್ಸಿನ ನರ್ಸಿಗೆ 4 ತಿಂಗಳು ಜೈಲು. ಸಾಹೇಬನಿಗೂ ನರ್ಸಿಗೂ ಲೆಕ್ಕ ಬೇರೆಯೇ.

• ಯುಎಇಯಲ್ಲಿ ಯಾರನ್ನಾದರೂ ಆನ್‌ಲೈನಿನಲ್ಲಿ ಬೈದರೆ ದಂಡ 2.5 ಲಕ್ಷದಿಂದ 5 ಲಕ್ಷ ದಿರ್ಹಮ್. ಕನಿಷ್ಠ ದಂಡವೇ ನಮ್ಮ ದುಡ್ಡಿನಲ್ಲಿ 60 ಲಕ್ಷದ ಆಸುಪಾಸು. ಹಂದನಕೆರೆ ಕಡೆ ಆ ದುಡ್ಡಿಗೆ ಎಷ್ಟು ತೋಟ ಬರುತ್ತದೆಂದು ನೀವೇ ಲೆಕ್ಕ ಹಾಕಿ. 2022ರ ಜನವರಿ 2ರಿಂದ ಜಾರಿಯಲ್ಲಿರುವ ಈ ಕಾನೂನಿನಲ್ಲಿ ಸುಳ್ಳು ಸುದ್ದಿಯನ್ನು ಬರೀ ಫಾರ್ವರ್ಡ್ ಮಾಡಿದರೂ ತಪ್ಪೇ. ‘ಬಂದದ್ದನ್ನು ಕಳಿಸಿದೆ ಸಾರ್’ ಎಂದರೆ ನಡೆಯುವುದಿಲ್ಲ.

• ಅಟ್ಟಕ್ಕೇರಿಸಿದ ಕಾಯಿ ವರ್ಷದೊಪ್ಪತ್ತಿನಲ್ಲಿ ಗಿಟುಕಾಗಿ ಇಳಿಯುತ್ತದೆ. ಟ್ವೀಟು ಇನ್ನೂ ನಿಧಾನ. ಅರಬ್ ಮಹಿಳೆಯರ ಕುರಿತು ಬೆಂಗಳೂರಿನ ಸಂಸದ ತೇಜಸ್ವಿ ಸೂರ್ಯ 2015ರಲ್ಲಿ ಹಾಕಿದ್ದ ಟ್ವೀಟು ಕೊಲ್ಲಿ ದೇಶಗಳಲ್ಲಿ ಗದ್ದಲವೆಬ್ಬಿಸಿದ್ದು 2020ರ ಏಪ್ರಿಲ್‌ನಲ್ಲಿ. ಅವರು ಅದನ್ನು ಅಳಿಸಿದರು. ಅದೇ ತಿಂಗಳು ಮುಸ್ಲಿಮರನ್ನು ಹೀಯಾಳಿಸಿ ಬರೆದ ಹಲವು ಭಾರತೀಯರು ಯುಎಇಯಲ್ಲಿ ಕೆಲಸ ಕಳೆದುಕೊಂಡರು. ಅಲ್ಲಿನ ಭಾರತದ ರಾಯಭಾರಿಯೇ ಮುಂದೆ ಬಂದು, ತಾರತಮ್ಯ ಇಲ್ಲಿ ನಡೆಯುವುದಿಲ್ಲವೆಂದು ನಮ್ಮವರಿಗೆ ನೆನಪಿಸಬೇಕಾಯಿತು. ಸಂಸದರ ಹುದ್ದೆಗೆ ಧಕ್ಕೆಯಾಗಲಿಲ್ಲ, ಹೋದದ್ದು ನೌಕರರ ಅನ್ನ.

• ತಮ್ಮ ದೇಶದಲ್ಲಿ ನೆಲೆಸಿರುವ ಪರದೇಶಿಗರಿಗೂ ವಾಕ್ ಸ್ವಾತಂತ್ರ್ಯವಿದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1945ರಲ್ಲೇ ಹೇಳಿದೆ. ಆದರೆ ಬಾಗಿಲಾಚೆ ವೀಸಾಕ್ಕೆ ಕಾದು ನಿಂತವರ ಕಥೆ ಬೇರೆ. 2019ರಿಂದ ವೀಸಾ ಅರ್ಜಿಯಲ್ಲಿ ಹಿಂದಿನ 5 ವರ್ಷ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನೆಲ್ಲ ಬರೆಯಬೇಕು. 2025ರ ಜೂನ್‌ನಿಂದ ವಿದ್ಯಾರ್ಥಿಗಳು, ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರು ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ವೀಸಾ ಮುದ್ರೆಗೆಂದು ರಜೆ ಹಾಕಿ ಊರಿಗೆ ಬಂದ ಎಷ್ಟೋ ಟೆಕ್ಕಿಗಳ ಸಂದರ್ಶನ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು.

• ತಾನು ಬರೆಯದ ಮಾತಿಗೂ ಜೈಲಿಗೆ ಹೋಗಬಹುದು. ಸೌದಿಯ ದಮ್ಮಾಮ್‌ನಲ್ಲಿ ಎಸಿ ರಿಪೇರಿ ಮಾಡಿಕೊಂಡಿದ್ದ ಕುಂದಾಪುರದವರೊಬ್ಬರು 2019ರ ಡಿಸೆಂಬರ್‌ನಲ್ಲಿ, ಪೌರತ್ವ ಕಾಯ್ದೆಯ ಗಲಾಟೆ ನಡೆಯುತ್ತಿದ್ದಾಗ, ಒಂದು ಪೋಸ್ಟ್ ಹಾಕಿ, ಆಕ್ಷೇಪ ಬಂದ ಮೇಲೆ ಕ್ಷಮೆ ಕೇಳಿ ಖಾತೆಯನ್ನೇ ಮುಚ್ಚಿದರು. ಅಷ್ಟರಲ್ಲಿ ಅವರದೇ ಹೆಸರು, ಫೋಟೊ ಇರುವ ಇನ್ನೊಂದು ಖಾತೆ ಹುಟ್ಟಿತು. ಅದರಲ್ಲಿ ಮೆಕ್ಕಾ ಮತ್ತು ಸೌದಿ ಯುವರಾಜನ ನಿಂದನೆ. ಬಂಧನವಾಯಿತು, ಕೆಲಸ ಹೋಯಿತು. ಊರಲ್ಲಿ ಹೆಂಡತಿ ಉಡುಪಿ ಪೊಲೀಸರಿಗೆ ದೂರು ಕೊಟ್ಟರು. ನಕಲಿ ಖಾತೆ ಮೂಡುಬಿದಿರೆಯ ಅಣ್ಣತಮ್ಮಂದಿರ ಕೆಲಸವೆಂದು ತನಿಖೆಯಲ್ಲಿ ಬಯಲಾಯಿತು, ಬಂಧನವೂ ಆಯಿತು. ಆ ದಾಖಲೆಗಳು ಅನುವಾದಗೊಂಡು ಸೌದಿ ತಲುಪಿ, ಮನುಷ್ಯ ಬೆಂಗಳೂರಿಗೆ ಬಂದಿಳಿದದ್ದು 2021ರ ಆಗಸ್ಟ್‌ನಲ್ಲಿ. ನಡುವೆ ಸುಮಾರು 20 ತಿಂಗಳು. ನಮ್ಮ ಪೊಲೀಸರ ತನಿಖೆಯೊಂದು ಇನ್ನೊಂದು ದೇಶದ ಜೈಲಿನ ಬಾಗಿಲು ತೆರೆಸಿದ ಅಪರೂಪದ ಪ್ರಕರಣ ಇದು. ದೂರು ಕೊಡುವಾಗ ನಕಲಿ ಖಾತೆಯ ಪೂರ್ತಿ ವಿಳಾಸ, ದಿನಾಂಕವಿರುವ ಸ್ಕ್ರೀನ್‌ಶಾಟ್ ಎರಡೂ ಬೇಕು. ಹಂದನಕೆರೆ ಠಾಣೆಯಲ್ಲೂ ಕೊಡಬಹುದು, ತುಮಕೂರಿನ ಸೈಬರ್ ಠಾಣೆಯಲ್ಲೂ ಕೊಡಬಹುದು.

• ಹಾಗೆಯೇ ಸಿಕ್ಕಿಬಿದ್ದ ಮಂಗಳೂರಿನವರೊಬ್ಬರಿಗೆ ಆ ಅದೃಷ್ಟ ಇರಲಿಲ್ಲ. ಸೌದಿಯಲ್ಲಿ 25 ವರ್ಷ ದುಡಿದವರು. ಅವರ ಹೆಸರಿನ ನಕಲಿ ಖಾತೆಯಲ್ಲಿ ಸೌದಿ ದೊರೆಯ, ಇಸ್ಲಾಮಿನ ನಿಂದನೆ ಕಾಣಿಸಿಕೊಂಡ ಕೂಡಲೇ ಮನೆಗೆ ತಿಳಿಸಿ ಮಂಗಳೂರಿನಲ್ಲಿ ದೂರು ಕೊಡಿಸಿದರು. ಆದರೂ 15 ವರ್ಷ ಜೈಲು. ತನಿಖೆಗೆ ಸಹಕರಿಸದಿದ್ದರೆ ಇಡೀ ಭಾರತದಲ್ಲಿ ಫೇಸ್‌ಬುಕ್ ಮುಚ್ಚಿಸುವ ಬಗ್ಗೆ ಯೋಚಿಸಬೇಕಾದೀತೆಂದು ಕರ್ನಾಟಕ ಹೈಕೋರ್ಟ್ 2023ರ ಜೂನ್‌ನಲ್ಲಿ ಗುಡುಗಿದ್ದು ಇವರ ಹೆಂಡತಿಯ ಅರ್ಜಿಯಲ್ಲೇ. ಗುಡುಗಿದವರು ಚೇತನ್ ಟ್ವೀಟಿನಲ್ಲಿ ಟೀಕಿಸಿದ್ದ ಅದೇ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್. ಇನ್ನೊಬ್ಬರ ಹೆಸರಲ್ಲಿ ಖಾತೆ ತೆರೆದು ಮೋಸ ಮಾಡಿದವರಿಗೆ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಕಲಮುಗಳಲ್ಲಿರುವ ಗರಿಷ್ಠ ಶಿಕ್ಷೆ 3 ವರ್ಷ.