ಕಾಲು ಬೆಲೆಯ ಬೆಂಜ್, ಪೂರ್ತಿ ಬೆಲೆಯ ರಿಪೇರಿ

ಇದ್ದ ಕಾರು ಅಪಘಾತದಲ್ಲಿ ಟೋಟಲ್ ಲಾಸ್ ಆಗಿ ವಿಮೆ ಹಣ ಬಂದಿದೆ. ಇಲ್ಲವೇ ಹದಿನೈದು ವರ್ಷ ದುಡಿದ ಗಾಡಿ ಇನ್ನು ಕೈಲಾಗದು ಎನ್ನುತ್ತಿದೆ. ಕೈಯಲ್ಲಿ ಎಂಟು ಲಕ್ಷದಷ್ಟು ಹಣವಿದೆ. ಅಷ್ಟಕ್ಕೆ ಶೋರೂಮಿನಲ್ಲಿ ಸಿಗುವುದು ಸಣ್ಣ ಹ್ಯಾಚ್‌ಬ್ಯಾಕ್. ಅದೇ ಹಣಕ್ಕೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹತ್ತು ಹನ್ನೆರಡು ವರ್ಷದ ಇ-ಕ್ಲಾಸ್ ಬೆಂಜ್, ಬಿಎಂಡಬ್ಲ್ಯು 3 ಸೀರೀಸ್, ಆಡಿ ಎ4, ಸ್ಕೋಡಾ ಸುಪರ್ಬ್ ಸಾಲಾಗಿ ನಿಂತಿರುತ್ತವೆ. "ಡಾಕ್ಟರ್ ಓಡಿಸಿದ ಗಾಡಿ ಸಾರ್, ಸಿಂಗಲ್ ಓನರ್" ಎನ್ನುತ್ತಾ ಬ್ರೋಕರ್ ಬಾಗಿಲು ತೆಗೆದು ಮುಚ್ಚಿ ತೋರಿಸುತ್ತಾನೆ. ಆ ಗಟ್ಟಿ ಸದ್ದಿಗೇ ಅರ್ಧ ವ್ಯಾಪಾರ ಕುದುರಿಬಿಡುತ್ತದೆ.

ಆಸೆ ತಪ್ಪೇನಲ್ಲ. ಹೆದ್ದಾರಿಯಲ್ಲಿ ಈ ಕಾರುಗಳ ನಿಲುವು, ಹಿಂದಿನ ಸೀಟಿನ ಸುಖ ಇವಕ್ಕೆ ಅದೇ ಬೆಲೆಯ ಹೊಸ ಕಾರು ಸಾಟಿಯಾಗುವುದು ಕಷ್ಟ. ಆದರೆ ಒಂದು ಲೆಕ್ಕ ಮರೆಯಬಾರದು. ಕಾರಿನ ಬೆಲೆ ವರ್ಷ ವರ್ಷ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ನಲವತ್ತು ಲಕ್ಷದ ಕಾರಿಗೆಂದು ಮಾಡಿದ ಹೆಡ್‌ಲೈಟು, ನೀವು ಎಂಟು ಲಕ್ಷಕ್ಕೆ ಕೊಂಡಿರೆಂದು ಅಗ್ಗವಾಗದು. ಮೊದಲ ಮಾಲೀಕ ಅದನ್ನು ಮಾರಲು ಕಾರಣವೂ ಬಹುಮಟ್ಟಿಗೆ ಇದೇ: ವಾರಂಟಿ ಮುಗಿದಿದೆ, ದೊಡ್ಡ ಖರ್ಚು ಎದುರಿಗಿದೆ. ಮೂಗಿಗಿಂತ ಮೂಗುತಿ ಭಾರವಾಗುವುದು ಇಲ್ಲಿಂದ ಮುಂದೆ.

ಆದ್ದರಿಂದ ಬ್ರ್ಯಾಂಡ್ ನೋಡುವ ಮೊದಲು ಆ ಮಾದರಿಯ ಇಂಜಿನ್ ಯಾವುದು, ಗೇರ್‌ಬಾಕ್ಸ್ ಯಾವುದು ಎಂದು ತಿಳಿಯಬೇಕು. ಒಂದೇ ಹೆಸರಿನ ಕಾರಿನಲ್ಲಿ ಒಂದು ವರ್ಷದ್ದು ಚಿನ್ನ, ಇನ್ನೊಂದು ವರ್ಷದ್ದು ತಲೆನೋವು.

ಬಿಎಂಡಬ್ಲ್ಯು 320ಡಿ, 520ಡಿ ಕಾರುಗಳನ್ನೇ ನೋಡಿ. ಇವುಗಳಲ್ಲಿ ಬಂದ ಎರಡು ಲೀಟರಿನ ಡೀಸೆಲ್ ಇಂಜಿನ್‌ಗೆ ಎನ್47 ಎಂದು ಹೆಸರು. ಹೆಚ್ಚಿನ ಕಾರುಗಳಲ್ಲಿ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಇಂಜಿನ್ನಿನ ಮುಂಭಾಗದಲ್ಲಿದ್ದರೆ ಇದರಲ್ಲಿ ಹಿಂಭಾಗದಲ್ಲಿ, ಗೇರ್‌ಬಾಕ್ಸಿನ ಕಡೆಗಿದೆ. 2007ರಿಂದ 2011ರವರೆಗಿನ ಇಂಜಿನ್‌ಗಳಲ್ಲಿ ಈ ಚೈನ್ ಸವೆದು ಸಡಿಲವಾಗುವ ದೂರು ಜಗತ್ತಿನಾದ್ಯಂತ ಕೇಳಿಬಂತು. ಚೈನ್ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನ್ ಹೋದಂತೆಯೇ. ಮುಂಜಾಗ್ರತೆಗೆ ಚೈನ್ ಬದಲಿಸೋಣವೆಂದರೂ ಇಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಬೇಕು. ಚೈನಿನ ಬೆಲೆಗಿಂತ ಕೂಲಿಯೇ ಜಾಸ್ತಿ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಡ್ಯಾಶ್‌ಬೋರ್ಡಿನ ಕಡೆಯಿಂದ ಕರಕರ ಎಂಬ ತಿಕ್ಕಾಟದ ಸದ್ದು ಬರುವುದು ಇದರ ಸುಳಿವು. ಹಾಗಾಗಿ ಯಾವ ಕಾರು ನೋಡಲು ಹೋದರೂ ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಿದ್ದರೆ, ನೀವು ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಕಾಫಿ ಕುಡಿದು ಬರುತ್ತೇನೆಂದು ಹೊರಟು ಇಂಜಿನ್ ಪೂರ್ತಿ ತಣಿದ ಮೇಲೆ ಮತ್ತೆ ಹೋಗಿ.

ಬೆಂಜ್‌ನದು ಬೇರೆಯೇ ಕಥೆ. ಡಬ್ಲ್ಯು211 ಎಂಬ ಸಂಕೇತದ ಇ-ಕ್ಲಾಸ್ 2002ರಲ್ಲಿ ಬಂದಾಗ ಅದರಲ್ಲಿ ಎಸ್‌ಬಿಸಿ ಎಂಬ ಹೊಸ ಬ್ರೇಕ್ ವ್ಯವಸ್ಥೆಯಿತ್ತು. ಪೆಡಲ್ ಒತ್ತಿದರೆ ಒತ್ತಡ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಸೆನ್ಸರ್ ನಿಮ್ಮ ಕಾಲಿನ ಒತ್ತಡ ಓದಿ, ಕಂಪ್ಯೂಟರಿಗೆ ತಿಳಿಸಿ, ವಿದ್ಯುತ್ ಪಂಪಿನ ಒತ್ತಡದಿಂದ ಬ್ರೇಕ್ ಹಿಡಿಯುತ್ತದೆ. ಈ ಘಟಕ ತಾನು ಎಷ್ಟು ಸಲ ಬ್ರೇಕ್ ಹಾಕಿದೆ ಎಂದು ಎಣಿಸುತ್ತಲೇ ಇರುತ್ತದೆ. ನಿಗದಿತ ಲೆಕ್ಕ ಮುಟ್ಟಿದ ದಿನ ಕೆಂಪು ಎಚ್ಚರಿಕೆ ತೋರಿಸಿ, ಬದಲಿಸು ಎನ್ನುತ್ತದೆ. 2004 ಮತ್ತು 2005ರಲ್ಲಿ ಕಂಪನಿ ಇಂಥ ಲಕ್ಷಗಟ್ಟಲೆ ಕಾರುಗಳನ್ನು ತಪಾಸಣೆಗೆ ವಾಪಸ್ ಕರೆಸಿತು. 2006ರಲ್ಲಿ ಕಾರಿನ ರೂಪ ಬದಲಿಸುವಾಗ ಎಸ್‌ಬಿಸಿಯನ್ನೇ ಕೈಬಿಟ್ಟು ಮಾಮೂಲಿ ಹೈಡ್ರಾಲಿಕ್ ಬ್ರೇಕಿಗೆ ಮರಳಿತು. ಆ ತಲೆಮಾರಿನ ಇ-ಕ್ಲಾಸ್ ಕೊಳ್ಳುವವರು 2006ರ ಆಚೆಯದೋ ಈಚೆಯದೋ ನೋಡಬೇಕಾದದ್ದು ಈ ಕಾರಣಕ್ಕೆ.

ಆಡಿ ಎ4ನ 1.8 ಮತ್ತು 2.0 ಟಿಎಫ್‌ಎಸ್‌ಐ ಪೆಟ್ರೋಲ್ ಇಂಜಿನ್‌ಗಳಲ್ಲಿ, ಮುಖ್ಯವಾಗಿ 2008ರಿಂದ ಮೂರ್ನಾಲ್ಕು ವರ್ಷಗಳಲ್ಲಿ ಬಂದವುಗಳಲ್ಲಿ, ಪಿಸ್ಟನ್ ರಿಂಗುಗಳಿಗೆ ಮಸಿ ಕಟ್ಟಿ ಇಂಜಿನ್ ಆಯಿಲ್ ಸುಟ್ಟುಹೋಗುವ ಕಾಯಿಲೆಯಿದೆ. ಸುಪರ್ಬ್ 1.8 ಟಿಎಸ್‌ಐನ ಏಳು ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿರುವುದು ಒಣ ಕ್ಲಚ್. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ತೆವಳುವುದೇ ಅದಕ್ಕೆ ಶಿಕ್ಷೆ. ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ನಡುಗಿದರೆ ಬಿಟ್ಟುಬಿಡಿ. ಎಸ್-ಕ್ಲಾಸ್, ಎ8ನಂಥ ದೊಡ್ಡ ಕಾರುಗಳ ಏರ್ ಸಸ್ಪೆನ್ಷನ್ನಿನ ರಬ್ಬರ್ ಚೀಲಗಳು ವಯಸ್ಸಾದಂತೆ ಸೋರುತ್ತವೆ, ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಗೆ ಕುಸಿದಿರುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಜೀವಮಾನವಿಡೀ ಬದಲಿಸಬೇಕಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಎಂಡಬ್ಲ್ಯುಗೆ ಎಂಟು ಗೇರಿನ ಪೆಟ್ಟಿಗೆ ಮಾಡಿಕೊಡುವ ಜಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಿ ಎನ್ನುತ್ತದೆ.

ಇನ್ನು ಮೀಟರ್. ಅದನ್ನು ಹಿಂದಕ್ಕೆ ತಿರುಗಿಸುವುದು ಇಂದಿಗೂ ನಡೆದಿರುವ ಕಸುಬು. ಆದರೆ ಈ ಕಾರುಗಳಿಗೆ ನೆನಪು ಜಾಸ್ತಿ. ಓಡಿದ ದೂರ ಮೀಟರಿನಲ್ಲಿ ಮಾತ್ರವಲ್ಲದೆ ಬೇರೆ ಕಂಪ್ಯೂಟರ್ ಘಟಕಗಳಲ್ಲೂ ದಾಖಲಾಗಿರುತ್ತದೆ. ಹಲವು ಬಿಎಂಡಬ್ಲ್ಯುಗಳಲ್ಲಿ ಕೀಲಿಯೊಳಗೇ ಕಿಲೋಮೀಟರ್ ಲೆಕ್ಕ ಉಳಿಯುತ್ತದೆ. ಕಂಪನಿಯದೇ ಸಾಫ್ಟ್‌ವೇರ್ ಇರುವ ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಗುಟ್ಟು ಹೊರಬೀಳುತ್ತದೆ. ಟೈರುಗಳನ್ನೂ ನೋಡಿ: ಪಕ್ಕದಲ್ಲಿ 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕು ಟೈರು ನಾಲ್ಕು ಕಂಪನಿಯದಾಗಿದ್ದರೆ ಆ ಮಾಲೀಕ ಕಾರಿನ ಮೇಲೆ ಹೇಗೆ ಖರ್ಚು ಮಾಡಿದ್ದಾನೆಂದು ಬೇರೆ ಪುರಾವೆ ಬೇಕಿಲ್ಲ.

ನೀರು ಕುಡಿದ ಕಾರುಗಳ ಬಗ್ಗೆ ಬೆಂಗಳೂರಿಗರಿಗೆ ಹೇಳಬೇಕಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಪೂರ್ವ ಬೆಂಗಳೂರಿನ ಶ್ರೀಮಂತ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಮುಳುಗಿದ ಚಿತ್ರ ಎಲ್ಲರೂ ನೋಡಿದ್ದೇವೆ. ಅಂಥ ಕಾರು ತೊಳೆದು, ಪಾಲಿಶ್ ಹಾಕಿಸಿಕೊಂಡು ಮತ್ತೆ ಮಾರುಕಟ್ಟೆಗೆ ಬರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಮಣ್ಣಿನ ಗೆರೆ ಇದೆಯೇ ನೋಡಿ. ಸೀಟಿನ ಕೆಳಗಿನ ಹಳಿಗಳಿಗೆ ತುಕ್ಕು ಹಿಡಿದಿದೆಯೇ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೆಸರಿದೆಯೇ ಎಂದು ಬಗ್ಗಿ ನೋಡಿ.

ಕಾಗದಪತ್ರದಲ್ಲಿ ಜನ ಸಿಕ್ಕಿಬೀಳುವುದು ಹೆಚ್ಚಾಗಿ ದೆಹಲಿ ಗಾಡಿಯ ಆಸೆಯಲ್ಲಿ. ಹತ್ತು ವರ್ಷ ದಾಟಿದ ಡೀಸೆಲ್ ಕಾರು ರಾಜಧಾನಿಯಲ್ಲಿ ಓಡಕೂಡದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿನ ಡೀಸೆಲ್ ಬೆಂಜುಗಳು ಸಿಕ್ಕಷ್ಟಕ್ಕೆ ಮಾರಾಟವಾಗಿ ದಕ್ಷಿಣಕ್ಕೆ ಬರತೊಡಗಿದ್ದು ಹಾಗೆ. ಆದರೆ ಇಲ್ಲಿ ನೋಂದಣಿ ಮಾಡಿಸಲು ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಇಪ್ಪತ್ತು ಲಕ್ಷ ಮೀರಿದ ಹೊಸ ಕಾರಿಗೆ ನಮ್ಮಲ್ಲಿ ಈ ತೆರಿಗೆ ಶೇ. 18, ಅದರ ಮೇಲೆ ಸೆಸ್. ಹಳೆಯದಕ್ಕೆ ವಯಸ್ಸಿನ ಪ್ರಕಾರ ಕಡಿಮೆಯಾಗುತ್ತದಾದರೂ ಬ್ರೋಕರ್ ಬಾಯಲ್ಲಿ ಹೇಳುವ ಮೊತ್ತ ನಂಬದೆ ಆರ್‌ಟಿಒದಲ್ಲೇ ಕೇಳಿ, ಕಾರಿನ ಬೆಲೆಗೆ ಕೂಡಿಸಿ ನೋಡಿ. ಸಾಲವಿದ್ದ ಕಾರಾದರೆ ಸಾಲ ತೀರಿದೆಯೆಂದು ಬ್ಯಾಂಕ್ ಸಹಿ ಹಾಕಿದ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹನ್ನೆರಡು ವರ್ಷದ ಕಾರು ಕೊಂಡವರಿಗೆ ಮೂರೇ ವರ್ಷದಲ್ಲಿ ಆ ಪರೀಕ್ಷೆ ಎದುರಾಗುತ್ತದೆ.

ವಿಮೆಯ ಬಗ್ಗೆ ಯಾರೂ ಮೊದಲೇ ಯೋಚಿಸುವುದಿಲ್ಲ. ಹಳೆಯ ಕಾರಿಗೆ ಜೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಹಣ ಕೊಡುವ, ಪಾಲಿಸಿ ಸಿಗುವುದು ಕಷ್ಟ. ಅದಿಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಹಣ ನಿಮ್ಮದೇ. ರಿಪೇರಿ ಖರ್ಚು ಕಾರಿನ ವಿಮಾ ಮೌಲ್ಯದ ಶೇ. 75 ದಾಟಿದರೆ ಟೋಟಲ್ ಲಾಸ್ ಎಂದು ಲೆಕ್ಕ. ಆರು ಲಕ್ಷ ಮೌಲ್ಯದ ಬೆಂಜಿಗೆ ಆ ಗಡಿ ನಾಲ್ಕೂವರೆ ಲಕ್ಷ. ಎರಡು ಹೆಡ್‌ಲೈಟು, ರೇಡಿಯೇಟರು, ಬಿಚ್ಚಿಕೊಂಡ ಏರ್‌ಬ್ಯಾಗುಗಳು ಸೇರಿದರೆ ಅದನ್ನು ಮುಟ್ಟಲು ದೊಡ್ಡ ಅಪಘಾತವೇ ಆಗಬೇಕಿಲ್ಲ. ಮತ್ತೆ ಬದಲಿ ಕಾರು ಹುಡುಕುವ ಕೆಲಸ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮನೆಗೆ ಅದೊಂದೇ ಕಾರು, ದಿನಾ ಬೆಳಿಗ್ಗೆ ಸ್ಟಾರ್ಟ್ ಆಗಲೇಬೇಕು ಎಂದಾದರೆ ನನ್ನ ಮತ ಟೊಯೊಟಾ ಕ್ಯಾಮ್ರಿಗೆ. 2013ರಿಂದ ಅದರ ಹೈಬ್ರಿಡ್ ಮಾದರಿ ನಮ್ಮ ಬಿಡದಿಯಲ್ಲೇ ಜೋಡಣೆಯಾಯಿತು. ಅದರ ಗೇರ್ ವ್ಯವಸ್ಥೆಯಲ್ಲಿ ಸವೆಯುವ ಕ್ಲಚ್ಚೇ ಇಲ್ಲ, ಪ್ಲಾನೆಟರಿ ಗೇರುಗಳೂ ಮೋಟಾರುಗಳೂ ಕೂಡಿ ಕೆಲಸ ಮಾಡುತ್ತವೆ. ನೋಡಬೇಕಾದದ್ದು ದೊಡ್ಡ ಬ್ಯಾಟರಿಯನ್ನು. ಟೊಯೊಟಾ ಸರ್ವಿಸ್ ಸೆಂಟರಿನಲ್ಲಿ ಅದರ ಆರೋಗ್ಯ ಪರೀಕ್ಷೆ ಮಾಡಿಸಿ, ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಧೂಳು ಕಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಓಡಿಸಲು ಬೆಂಜಿನಷ್ಟು ಗತ್ತಿಲ್ಲ, ನಿಜ. ಹೋಂಡಾ ಅಕಾರ್ಡ್ 2.4 ಪೆಟ್ರೋಲೂ ಗಟ್ಟಿ ಗಾಡಿಯೇ. ಆದರೆ ಆ ತಲೆಮಾರಿನ ಮಾರಾಟ 2013ರಲ್ಲೇ ನಿಂತಿದ್ದರಿಂದ ಬಾಡಿ ಭಾಗಗಳಿಗೆ ಕಾಯಬೇಕಾದೀತು.

ಜರ್ಮನ್ ಕಾರೇ ಬೇಕೆಂಬವರು ಮೂರು ವಿಷಯ ಖಾತ್ರಿ ಮಾಡಿಕೊಳ್ಳಲಿ: ಮನೆಯಲ್ಲಿ ಇನ್ನೊಂದು ಕಾರಿರಬೇಕು, ಆ ಬ್ರ್ಯಾಂಡ್ ಬಲ್ಲ ಗ್ಯಾರೇಜು ಊರಲ್ಲೇ ಇರಬೇಕು, ಕಾರಿನ ಬೆಲೆಯ ಮೂರನೇ ಒಂದು ಭಾಗ ರಿಪೇರಿಗೆಂದು ಬ್ಯಾಂಕಿನಲ್ಲಿ ಉಳಿಯಬೇಕು. ಶಿರಸಿಯಲ್ಲೋ ಚಳ್ಳಕೆರೆಯಲ್ಲೋ ಇದ್ದು, ಸೆನ್ಸರ್ ಕೆಟ್ಟಾಗಲೆಲ್ಲ ಕಾರನ್ನು ಟೋಯಿಂಗ್ ಲಾರಿಗೆ ಏರಿಸಿ ಬೆಂಗಳೂರಿಗೆ ಕಳಿಸುವುದು ಯಾರಿಗೂ ಬೇಡ. ಟೋಕನ್ ಹಣ ಕೊಡುವ ಮೊದಲು ಪೂರ್ತಿ ಸರ್ವಿಸ್ ದಾಖಲೆ ಮತ್ತು ಸ್ಕ್ಯಾನ್ ವರದಿ ಕೇಳಿ. ಕೊಡಲು ಹಿಂದೇಟು ಹಾಕಿದರೆ, ಬೆಲೆ ಎಷ್ಟೇ ಇಳಿಸಿದರೂ ಆ ಕಾರು ಬೇಡ.